ಸಮುದ್ರದ ಗುಡಿ ಮತ್ತು ಮನೆ ಬದಲಿಸಿದ ಸರಸ್ವತಿ

ಹಿರೋಷಿಮಾ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು 1945ರ ಅಣುಬಾಂಬ್. ಅದಕ್ಕೂ ಹಿಂದಿನ ಚರಿತ್ರೆಯನ್ನು ನೋಡಬೇಕೆಂದು ನಾವು ಹತ್ತಿರದ ಮಿಯಾಜಿಮಾ ದ್ವೀಪಕ್ಕೆ ಹೋದೆವು. ಮಿಯಾಜಿಮಾಗುಚಿ ದಕ್ಕೆಯಿಂದ ಬೋಟಿನಲ್ಲಿ ಹತ್ತೇ ನಿಮಿಷ.

ಅಲ್ಲಿರುವುದು ಇತ್ಸುಕುಶಿಮಾ ಎಂಬ ಶಿಂಟೋ ಗುಡಿ. 593ರಲ್ಲಿ ಸ್ಥಾಪನೆಯಾಯಿತೆಂದು ಪ್ರತೀತಿ. 1168ರ ಸುಮಾರಿಗೆ ತೈರಾ ನೊ ಕಿಯೊಮೊರಿ ಎಂಬ ಸೇನಾನಾಯಕ ಅದನ್ನು ದೊಡ್ಡದಾಗಿ ಕಟ್ಟಿಸಿದ. ಮುಂದೆ ಬೆಂಕಿಗೆ ತುತ್ತಾದಾಗಲೂ ಅದೇ ವಿನ್ಯಾಸದಲ್ಲಿ ಮತ್ತೆ ಕಟ್ಟಿದರು. ಇಡೀ ದ್ವೀಪವೇ ಪವಿತ್ರವೆಂಬ ನಂಬಿಕೆಯಿಂದಾಗಿ ಗುಡಿ ನಿಂತಿರುವುದು ನೆಲದ ಮೇಲಲ್ಲ, ಉಬ್ಬರದ ನೀರು ಬರುವ ಮರಳಿನ ಮೇಲೆ. ನೆಲಹಾಸಿನ ಹಲಗೆಗಳ ನಡುವೆ ಸಂದು ಬಿಟ್ಟಿದ್ದಾರೆ. ಅಲೆ ಎದ್ದಾಗ ನೀರು ಅಲ್ಲಿಂದ ಮೇಲೆ ಬಂದು ಇಳಿದುಹೋಗುತ್ತದೆ, ಕಟ್ಟಡದ ಮೇಲೆ ಒತ್ತಡ ಕಡಿಮೆ. ಆದರೂ 2004ರ ಚಂಡಮಾರುತ ಸಾಕಷ್ಟು ಹಾನಿ ಮಾಡಿತು. ಮತ್ತೆ ದುರಸ್ತಿಯಾಯಿತು.

ಬೆಳಗ್ಗೆ ಇಳಿತದಲ್ಲಿ ನಾವು ಕೆಸರು ತುಳಿಯುತ್ತಾ ಕೆಂಪು ಮಹಾದ್ವಾರದ ಬುಡಕ್ಕೇ ಹೋದೆವು. ಈಗಿನದು 1875ರದ್ದು, ಸುಮಾರು 16 ಮೀಟರ್ ಎತ್ತರ, 60 ಟನ್ ತೂಕ. ಕಂಬಗಳನ್ನು ಆಳಕ್ಕೆ ಹೂಳಿಲ್ಲ! ಮೇಲಿನ ಅಡ್ಡತೊಲೆ ಪೆಟ್ಟಿಗೆಯಂತೆ ಟೊಳ್ಳು, ಅದರೊಳಗೆ ಮುಷ್ಟಿ ಗಾತ್ರದ ಕಲ್ಲುಗಳನ್ನು ತುಂಬಿದ್ದಾರೆ. ಆ ಭಾರದಿಂದಲೇ ದ್ವಾರ ನಿಂತಿದೆ. ಸಂಜೆ ನೋಡಿದರೆ ನಾವು ನಡೆದಾಡಿದ ಜಾಗವೆಲ್ಲ ಸಮುದ್ರ.

ಪಕ್ಕದ ದಿಬ್ಬದಲ್ಲಿ 1407ರ ಐದಂತಸ್ತಿನ ಬೌದ್ಧ ಗೋಪುರವಿದೆ. ಅದರ ಬಳಿ ಸೆಂಜೊಕಾಕು ಎಂಬ ವಿಶಾಲ ಮಂಟಪ. ಯುದ್ಧದಲ್ಲಿ ಸತ್ತವರಿಗಾಗಿ ಸೂತ್ರಪಠಣ ನಡೆಯಲೆಂದು ಹಿದೆಯೋಶಿ 1587ರಲ್ಲಿ ಇದನ್ನು ಆರಂಭಿಸಿದ. 1598ರಲ್ಲಿ ಅವನು ತೀರಿಕೊಂಡ, ಕೆಲಸ ಅರ್ಧಕ್ಕೇ ನಿಂತಿತು. ಇಂದಿಗೂ ಅದಕ್ಕೆ ಒಳಮಾಳಿಗೆಯ ಹಲಗೆಗಳಿಲ್ಲ.

ಆದರೆ ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದ್ದು ಗುಡಿಯಿಂದ ಹೊರಬಂದೊಡನೆ ಸಿಗುವ ದೈಗಾನ್‌ಜಿ ಎಂಬ ಸಣ್ಣ ಬೌದ್ಧ ಮಂದಿರ. ಅಲ್ಲಿರುವವಳು ಬೆಂಜೈತೆನ್, ಅಂದರೆ ನಮ್ಮ ಸರಸ್ವತಿ! ಬೌದ್ಧ ಸೂತ್ರಗಳ ಜೊತೆ ಚೀನಾ ದಾಟಿ ಜಪಾನಿಗೆ ಬಂದವಳು. ಅಲ್ಲಿ ವೀಣೆಯ ಬದಲು ಅವಳ ಕೈಯಲ್ಲಿ ಹೆಚ್ಚಾಗಿ ಬಿವಾ ಎಂಬ ತಂತಿವಾದ್ಯ ಇರುತ್ತದೆ. ಇತ್ಸುಕುಶಿಮಾದ ಶಿಂಟೋ ದೇವಿಯೂ ಅವಳೂ ಒಬ್ಬಳೇ ಎಂದು ಜನ ಶತಮಾನಗಳ ಕಾಲ ಪೂಜಿಸಿದರು.

1868ರಲ್ಲಿ ಮೇಜಿ ಸರ್ಕಾರ ಶಿಂಟೋ ಬೇರೆ, ಬೌದ್ಧ ಬೇರೆ ಎಂದು ಆಜ್ಞೆ ಹೊರಡಿಸಿತು. ಒಂದೇ ಅಂಗಳದಲ್ಲಿ ಕೂಡಿ ಬಾಳಿದ್ದು ಕಾಗದದ ಮೇಲೆ ಎರಡಾಯಿತು. ದೇಶದಲ್ಲಿ ಎಷ್ಟೋ ಬೌದ್ಧ ವಿಗ್ರಹಗಳು ನಾಶವಾದವು. ಇಲ್ಲಿಯ ಬೆಂಜೈತೆನ್ ಮಾತ್ರ ಸಮುದ್ರದ ಗುಡಿ ಬಿಟ್ಟು ಪಕ್ಕದ ದೈಗಾನ್‌ಜಿಗೆ ಬಂದಳು. ವರ್ಷಕ್ಕೊಮ್ಮೆ, ಜೂನ್ 17ರಂದು, ಆ ವಿಗ್ರಹದ ದರ್ಶನ.

ಊರಿಗೆ ಮರಳಿ ತರಗತಿಯಲ್ಲಿ ಇದನ್ನು ಹೇಳಿದಾಗ ಐದನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಸರಸ್ವತಿಗೆ ಅಲ್ಲಿ ಜಪಾನಿ ಭಾಷೆ ಬರುತ್ತದಾ?" ಎಲ್ಲರೂ ನಕ್ಕೆವು. ಬಾರದೆ ಇದ್ದರೆ ಇಷ್ಟು ಶತಮಾನ ಅಲ್ಲಿ ಉಳಿಯುತ್ತಿದ್ದಳೇ? ಈ ಸಲ ಶಾರದಾ ಪೂಜೆಯ ದಿನ ಮಕ್ಕಳು ಪುಸ್ತಕಗಳ ಪಕ್ಕದಲ್ಲಿ ಜಪಾನಿನ ಭೂಪಟವನ್ನೂ ಇಡುತ್ತಾರಂತೆ.