ಮನಶ್ಚಿಕಿತ್ಸೆಯ ಫಲ: ಐಸೆಂಕರ ಆಕ್ಷೇಪದ ಪುನರ್ವಿಚಾರ

ಮನಃಕ್ಲೇಶದಿಂದ ಬಳಲುವವನೊಬ್ಬನು, ಆ ವಿದ್ಯೆಯಲ್ಲಿ ಶಿಕ್ಷಣ ಪಡೆದ ಮತ್ತೊಬ್ಬನೊಡನೆ ನಿಯತಕಾಲದಲ್ಲಿ, ಒಂದು ಕ್ರಮಕ್ಕೆ ಒಳಪಟ್ಟು ಸಂಭಾಷಿಸಿ, ತನ್ನ ಯೋಚನೆ, ಭಾವ, ನಡತೆಗಳಲ್ಲಿ ಮಾರ್ಪಾಟನ್ನು ಸಾಧಿಸಿಕೊಳ್ಳುವುದೇ ಮನಶ್ಚಿಕಿತ್ಸೆಯೆಂಬ ಮಾತಿನಲ್ಲಿ ವಿದ್ವಾಂಸರಿಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಫ್ರಾಯ್ಡರ ಮನೋವಿಶ್ಲೇಷಣೆ, ಕಾರ್ಲ್ ರೋಜರ್ಸರ ವ್ಯಕ್ತಿಕೇಂದ್ರಿತ ಪದ್ಧತಿ, ಆರನ್ ಬೆಕ್ಕರು ರೂಪಿಸಿದ ಚಿಂತನಾಕ್ರಮದ ಚಿಕಿತ್ಸೆ, ಇವು ಮಾರ್ಗದಲ್ಲಿ ಎಷ್ಟೇ ಭಿನ್ನವಾದರೂ ಈ ಲಕ್ಷಣಕ್ಕೆ ಹೊರಗಾದವಲ್ಲ. ವಿವಾದವಿರುವುದು ಫಲದ ವಿಷಯದಲ್ಲಿ.

ಆ ವಿವಾದದ ಮೂಲ, ಲಂಡನ್ನಿನ ಮನಶ್ಶಾಸ್ತ್ರಜ್ಞ ಹ್ಯಾನ್ಸ್ ಐಸೆಂಕರು 1952ರಲ್ಲಿ ಪ್ರಕಟಿಸಿದ ಕೆಲವೇ ಪುಟಗಳ ಒಂದು ಲೇಖನ. ಏಳು ಸಾವಿರಕ್ಕೂ ಮಿಕ್ಕ ರೋಗಿಗಳ ವೃತ್ತಾಂತವನ್ನೊಳಗೊಂಡ 24 ವರದಿಗಳನ್ನು ಒಟ್ಟುಗೂಡಿಸಿ, ಮನೋವಿಶ್ಲೇಷಣೆಯಿಂದ ಶೇಕಡ 44 ಮಂದಿಯೂ, ಮಿಶ್ರಪದ್ಧತಿಯ ಚಿಕಿತ್ಸೆಯಿಂದ ಶೇಕಡ 64 ಮಂದಿಯೂ, ಮನಶ್ಚಿಕಿತ್ಸೆಯನ್ನೇ ಪಡೆಯದೆ ಶೇಕಡ 72 ಮಂದಿಯೂ ಸುಧಾರಿಸಿದರೆಂದು ಅವರು ತೋರಿಸಿದರು. ಮನಶ್ಚಿಕಿತ್ಸೆ ನಿಷ್ಫಲವೆಂದು ಅವರು ಸಾರಲಿಲ್ಲ. ಅದರ ಸಾಫಲ್ಯಕ್ಕೆ ಪ್ರಮಾಣ ಸಾಲದೆಂದಷ್ಟೇ ಹೇಳಿದರು. 1977ರಲ್ಲಿ ಸ್ಮಿತ್ ಮತ್ತು ಗ್ಲಾಸರು 375 ಅಧ್ಯಯನಗಳನ್ನು ಒಟ್ಟಾಗಿ ವಿಶ್ಲೇಷಿಸಿ, ಚಿಕಿತ್ಸೆ ಪಡೆದ ಸಾಮಾನ್ಯ ರೋಗಿಯು ಪಡೆಯದವರಲ್ಲಿ ಶೇಕಡ 75 ಮಂದಿಗಿಂತ ಉತ್ತಮ ಸ್ಥಿತಿಯಲ್ಲಿರುವನೆಂದು ತೋರಿಸಿದ ಮೇಲೆ ವಿವಾದ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಐಸೆಂಕರ ಮೂಲವಾದಕ್ಕೆ ಇದು ಉತ್ತರವಾದರೂ ಅದರ ಪರೀಕ್ಷೆಯಲ್ಲ. ಆ ಪರೀಕ್ಷೆಯನ್ನು ಇಲ್ಲಿ ಮಾಡಬಯಸುತ್ತೇನೆ.

ಶೇಕಡ 72 ಎಂಬ ಸಂಖ್ಯೆ ಬಂದುದು ಎರಡು ಆಕರಗಳಿಂದ. ಲ್ಯಾಂಡಿಸರು 1938ರಲ್ಲಿ ಕೊಟ್ಟ ಲೆಕ್ಕ ನ್ಯೂಯಾರ್ಕ್ ರಾಜ್ಯದ ಸರಕಾರಿ ಮಾನಸಿಕ ಆಸ್ಪತ್ರೆಗಳಿಂದ ಬಿಡುಗಡೆಯಾದವರದು. ಡೆಂಕರರು 1946ರಲ್ಲಿ ಕೊಟ್ಟುದು, ಮನೋವ್ಯಾಧಿಯಿಂದ ದುಡಿಯಲಾರದೆ ವಿಮಾ ಪರಿಹಾರ ಬೇಡಿದ 500 ಮಂದಿಯದು. ಈ ಎರಡನೆಯವರು ತಮ್ಮ ತಮ್ಮ ವೈದ್ಯರ ಆರೈಕೆಯಲ್ಲಿದ್ದರು. ಆ ವೈದ್ಯರು ಶಾಮಕ ಔಷಧ, ಟಾನಿಕ್ಕುಗಳೊಂದಿಗೆ ಸೂಚನೆಯನ್ನೂ ಭರವಸೆಯ ಮಾತನ್ನೂ ಕೊಡುತ್ತಿದ್ದರೆಂಬುದನ್ನು ಡೆಂಕರರೇ ದಾಖಲಿಸಿದ್ದಾರೆ, ಐಸೆಂಕರೂ ಮುಚ್ಚಿಟ್ಟಿಲ್ಲ. ಆದರೆ ಇದನ್ನು ಅತಿ ಮೇಲ್ಮೈಯ ಉಪಚಾರವೆಂದು ಬಗೆದು, ಈ ಜನರನ್ನು ಚಿಕಿತ್ಸೆಯಿಲ್ಲದವರ ಪಂಕ್ತಿಯಲ್ಲಿ ಕುಳ್ಳಿರಿಸಿದ್ದು ನ್ಯಾಯವೆ? ವರ್ಷಗಳಿಂದ ಮನೆತನವನ್ನು ಬಲ್ಲ ವೈದ್ಯನೊಬ್ಬನು, ನಿನ್ನ ವ್ಯಾಧಿ ಗುಣವಾಗತಕ್ಕದ್ದೆಂದು ಎದುರಿಗೆ ಕುಳಿತು ಹೇಳುವುದು ಔಷಧವಲ್ಲವೆಂದು ನಿರ್ಣಯಿಸುವ ಮೊದಲು, ಅದನ್ನೂ ಅಳೆಯಬೇಕಾಗಿತ್ತು.

ಇನ್ನು ಚಿಕಿತ್ಸೆ ಪಡೆದವರ ಕಡೆಯ ಲೆಕ್ಕವೂ ನಿರ್ದುಷ್ಟವಲ್ಲ. ಮನೋವಿಶ್ಲೇಷಣೆಯನ್ನು ನಡುವೆ ಬಿಟ್ಟವರನ್ನೆಲ್ಲ ಗುಣವಾಗದವರೆಂದೇ ಎಣಿಸಿದುದರಿಂದ 44 ಎಂಬ ಸಂಖ್ಯೆ ಬಂತು. ಅವರನ್ನು ಕೈಬಿಟ್ಟರೆ ಅದು ಸುಮಾರು 66 ಆಗುವುದೆಂದು ಐಸೆಂಕರೇ ಒಪ್ಪಿದ್ದಾರೆ. 1971ರಲ್ಲಿ ಬರ್ಗಿನ್ನರು ಅದೇ ವರದಿಗಳನ್ನು ಬೇರೆ ಮಾನದಂಡದಿಂದ ಓದಿ ಶೇಕಡ 83ನ್ನು ಪಡೆದರು. ಒಂದೇ ಸಾಮಗ್ರಿಯಿಂದ ಇಷ್ಟು ದೂರದ ಫಲಗಳು ಹುಟ್ಟುವಲ್ಲಿ ಯಾವುದೊಂದನ್ನೂ ಸಿದ್ಧಾಂತವೆಂದು ಹಿಡಿಯುವುದು ಸಾಹಸ.

ಆದುದರಿಂದ, ಐಸೆಂಕರು ಅಳೆದುದು ಚಿಕಿತ್ಸೆಗೂ ಚಿಕಿತ್ಸೆಯ ಅಭಾವಕ್ಕೂ ಇರುವ ಅಂತರವನ್ನಲ್ಲ, ಎರಡು ಬಗೆಯ ಆರೈಕೆಗಳ ಅಂತರವನ್ನು ಎಂಬುದು ನನ್ನ ಪ್ರತಿಪಾದನೆ. ಇದನ್ನು ಅಳುಕಿನಿಂದಲೇ ಮುಂದಿಡುತ್ತೇನೆ: ವೈದ್ಯರ ಭರವಸೆಯಿಂದ ಎಷ್ಟು ಮಂದಿ, ಕಾಲಕ್ರಮದಲ್ಲಿ ತಾವಾಗಿಯೇ ಎಷ್ಟು ಮಂದಿ ಚೇತರಿಸಿದರೆಂಬುದನ್ನು ಡೆಂಕರರ ವರದಿಯಿಂದ ಬೇರ್ಪಡಿಸಲಾಗದು, ವಿಮಾಹಣದ ಪ್ರೇರಣೆಯನ್ನೂ ಮರೆಯುವಂತಿಲ್ಲ. ಆದರೂ ಸಾಮಾನ್ಯ ವೈದ್ಯರ ಆರೈಕೆಯೇ ಸಾಕಾಗಿದ್ದಿದ್ದರೆ, ಅದರ ಮೇಲೆ ಕ್ರಮಬದ್ಧ ಸಂಭಾಷಣೆಯನ್ನು ಸೇರಿಸಿದಾಗ ಯಾವ ವಿಶೇಷವೂ ಕಾಣಬಾರದಾಗಿತ್ತು.

ಗೋವೆಯ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ, 2017ರಲ್ಲಿ ಪ್ರಕಟಿಸಿದ ಪರೀಕ್ಷೆ ಇಲ್ಲಿ ಅಮೂಲ್ಯವಾದುದು. ತೀವ್ರ ಖಿನ್ನತೆಯ ರೋಗಿಗಳನ್ನು ಯಾದೃಚ್ಛಿಕ ಆಯ್ಕೆಯಿಂದ ಎರಡು ಪಂಗಡ ಮಾಡಿ, ಒಂದಕ್ಕೆ ವೈದ್ಯರ ಸುಧಾರಿತ ಆರೈಕೆಯನ್ನಷ್ಟೇ ಕೊಡಲಾಯಿತು. ಇನ್ನೊಂದಕ್ಕೆ ಅದರೊಡನೆ, ಮನೋವೈದ್ಯಕೀಯದ ಯಾವ ಪೂರ್ವಶಿಕ್ಷಣವೂ ಇಲ್ಲದ, ಈ ಕೆಲಸಕ್ಕೆ ತರಬೇತಿ ಹೊಂದಿದ ಸ್ಥಳೀಯರಿಂದ ಆರರಿಂದ ಎಂಟು ಬೈಠಕ್ಕುಗಳ ಮಾತುಕತೆ. ಬಿಟ್ಟುಹೋದ ದಿನಚರಿಯನ್ನು ಸಣ್ಣ ಸಣ್ಣ ಕೆಲಸಗಳಿಂದ ಮತ್ತೆ ಕಟ್ಟಿಕೊಳ್ಳುವುದು ಆ ಮಾತುಕತೆಯ ತಿರುಳು. ಮೂರು ತಿಂಗಳ ತರುವಾಯ ಉಪಶಮನ ಹೊಂದಿದವರು ಮೊದಲ ಪಂಗಡದಲ್ಲಿ ಶೇಕಡ 39, ಎರಡನೆಯದರಲ್ಲಿ ಶೇಕಡ 64. ವೈದ್ಯರ ಆರೈಕೆಗೂ ಬೆಲೆಯುಂಟು. ಕ್ರಮವರಿತ ಸಂಭಾಷಣೆಗೆ ಅದಕ್ಕೂ ಮಿಗಿಲಾದ ಬೆಲೆಯುಂಟು.

ಇಲ್ಲಿಯೂ ಎಚ್ಚರ ಬೇಕು. ಐಸೆಂಕರ ಕಾಲದ ಮನೋವ್ಯಾಧಿ ಹಲವು ವ್ಯಾಧಿಗಳ ಸಂಕರ, ಗೋವೆಯದು ಖಿನ್ನತೆ ಮಾತ್ರ. ಅಲ್ಲಿಯ ಪದ್ಧತಿಯು ಮನೋವಿಶ್ಲೇಷಣೆಯೂ ಅಲ್ಲ. ಇದಕ್ಕಿಂತ ಕಠಿನವಾದ ಪ್ರಶ್ನೆ, ಈ ಫಲದಲ್ಲಿ ಪದ್ಧತಿಯ ಪಾಲೆಷ್ಟು, ವಾರವಾರವೂ ಒಬ್ಬರು ಬಂದು ಶ್ರದ್ಧೆಯಿಂದ ಆಲಿಸಿದುದರ ಪಾಲೆಷ್ಟು ಎಂಬುದು. ಎಲ್ಲ ಪದ್ಧತಿಗಳಿಗೂ ಸಮಾನವಾದ ಅಂಶಗಳೇ ಫಲಕಾರಿಯಾಗಿರಬಹುದೆಂದು ರೋಸೆನ್‌ಜ್ವೈಗರು 1936ರಲ್ಲಿಯೇ ಸೂಚಿಸಿದ್ದರು. ಗೋವೆಯ ಪರೀಕ್ಷೆ ಈ ಪ್ರಶ್ನೆಯನ್ನು ಬಿಡಿಸಲು ಯೋಜಿತವಾದುದಲ್ಲ. ಅದನ್ನು ಬಿಡಿಸಲು ತಕ್ಕ ನೆಲ ನಮ್ಮಲ್ಲಿಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಆರೈಕೆ ಸಾಧ್ಯವೆಂದು ತೋರಿಸಿ, ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯನ್ನು ಒದಗಿಸಿತು. ಅಂಥ ನೆಲದಲ್ಲಿ ಕನ್ನಡ ಮಾತಾಡುವ ರೋಗಿಗಳ ನಡುವೆ, ಬರಿಯ ಆಲಿಕೆಯ ಪಂಗಡವೊಂದನ್ನೂ ಸೇರಿಸಿಕೊಂಡು ಈ ಪರೀಕ್ಷೆಯನ್ನು ಕೈಗೊಳ್ಳಬೇಕೆಂದು ನಮ್ಮ ಸಂಶೋಧಕರನ್ನು ಪ್ರಾರ್ಥಿಸುತ್ತೇನೆ.