ಹೊನ್ನಾವರಕ್ಕೂ ಒಬ್ಬ ಸ್ಪೇನ್ ದೊರೆ

ಸ್ಪೇನಿನ ವಸಾಹತು ಎಂದೊಡನೆ ನಮಗೆ ನೆನಪಾಗುವುದು ಫಿಲಿಪೈನ್ಸ್, ಮೆಕ್ಸಿಕೋ. ಆದರೆ ಓಂ ಬೀಚಿಗೆ ದಕ್ಷಿಣದಲ್ಲಿರುವ ಹೊನ್ನಾವರದ ಕೋಟೆಗೂ 60 ವರ್ಷ ಸ್ಪೇನಿನ ದೊರೆಯೇ ಒಡೆಯನಾಗಿದ್ದ. 14ನೇ ಶತಮಾನದಲ್ಲಿ ಇಬ್ನ್ ಬತೂತ ಈ ಊರಿನಲ್ಲಿ ಹೆಣ್ಣುಮಕ್ಕಳಿಗೆಂದೇ 13 ಶಾಲೆಗಳನ್ನು ಕಂಡಿದ್ದ. ಇಲ್ಲಿಯ ಸ್ತ್ರೀಯರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದೂ ಬರೆದ. ಇಂತಹ ಬಂದರನ್ನು 1569ರಲ್ಲಿ ಪೋರ್ಚುಗೀಸರು ಗೇರುಸೊಪ್ಪೆಯ ರಾಣಿಯಿಂದ ಕಿತ್ತುಕೊಂಡರು. ಕಾಳುಮೆಣಸಿನ ಆಸೆ, ಮತ್ತೇನು! 1580ರಲ್ಲಿ ಪೋರ್ಚುಗಲ್ಲಿನ ಸಿಂಹಾಸನವೇ ಸ್ಪೇನಿನ ಎರಡನೇ ಫಿಲಿಪನ ಪಾಲಾಯಿತು. 1640ರಲ್ಲಿ ಬಂಡೆದ್ದ ಪೋರ್ಚುಗೀಸರು ಸ್ಪೇನಿನಿಂದ ಸ್ವತಂತ್ರರಾದರು, ಹೊನ್ನಾವರವನ್ನು ಮಾತ್ರ ಬಿಡಲಿಲ್ಲ. ಆ ಕೆಲಸ ಇಕ್ಕೇರಿಯ ಶಿವಪ್ಪ ನಾಯಕನಿಂದ ಆಗಬೇಕಾಯಿತು. 1654ರ ವೇಳೆಗೆ ಕೋಟೆ ಅವನ ವಶವಾಯಿತು. ಕಾರವಾರದೆದುರಿನ ಅಂಜುದೀವ್ ದ್ವೀಪದಿಂದ ಪೋರ್ಚುಗೀಸರು ಹೊರಬಿದ್ದದ್ದು 1961ರ ಡಿಸೆಂಬರಿನಲ್ಲಿ.