ಆಸ್ಪತ್ರೆಯ ವಸ್ತುಗಳ ಚರಿತ್ರೆ – 6: ಒಂದೇ ಸ್ವಿಚ್ಚಿನ ಆಟ

ಇಲ್ಲಿ ಇಂಗ್ಲೆಂಡಿನ ವಾರ್ಡುಗಳಲ್ಲಿ ಶಿಫ್ಟ್ ಮುಗಿಸುವ ಮೊದಲು ನಾವು ತಪ್ಪದೇ ಬರೆಯುವ ಸಾಲೊಂದಿದೆ: ಕಾಲ್ ಬೆಲ್ ರೋಗಿಯ ಕೈಗೆಟಕುವಂತಿದೆ. ಕೈಯೇ ಆಡದವರಿಗೆ ಏನು ಮಾಡುವುದು? ಈ ಪ್ರಶ್ನೆಯ ಬೆನ್ನು ಹತ್ತಿದರೆ ವಿಶೇಷ ಶಾಲೆಗಳ ಮಕ್ಕಳು ಆಡುವ ಸ್ವಿಚ್ ಆಟಗಳವರೆಗೂ ಹೋಗಬಹುದು.

ಮೊದಲು ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆ. ನಾಜಿಗಳಿಂದ ತಪ್ಪಿಸಿಕೊಂಡು ಬಂದಿದ್ದ ಯಹೂದಿ ವೈದ್ಯ ಲುಡ್ವಿಗ್ ಗಟ್‌ಮನ್ 1944ರಲ್ಲಿ ಅಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗ ತೆರೆದರು. ಅಂಥ ಸೈನಿಕರು ಹೆಚ್ಚು ದಿನ ಬದುಕುವುದಿಲ್ಲವೆಂದು ವೈದ್ಯರೇ ಕೈಚೆಲ್ಲುತ್ತಿದ್ದ ಕಾಲ. ಗಟ್‌ಮನ್ ಆಟವನ್ನೇ ಚಿಕಿತ್ಸೆ ಮಾಡಿದರು. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಗಾಲಿಕುರ್ಚಿಯಲ್ಲಿ ಕೂತ 16 ಮಂದಿ ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಪ್ಯಾರಾಲಿಂಪಿಕ್ಸ್‌ನ ಬೇರು ಇದು. ಈ ಕಥೆ ನಿಮಗೆ ಗೊತ್ತಿರುತ್ತದೆ. ಆದರೆ ಬಿಲ್ಲು ಎಳೆಯಲು ತೋಳು ಬೇಕಲ್ಲ! ಕತ್ತಿನ ಹತ್ತಿರ ಪೆಟ್ಟು ಬಿದ್ದವರಿಗೆ ಆ ಮೈದಾನದಲ್ಲಿ ಜಾಗವಿರಲಿಲ್ಲ.

ಅವರ ಕಡೆ ನೋಡಿದವರು ರೆಗ್ ಮೇಲಿಂಗ್, ಅದೇ ಆಸ್ಪತ್ರೆಗೆ ಸ್ವಯಂಸೇವಕರಾಗಿ ಬರುತ್ತಿದ್ದವರು. 1960ರ ಸುಮಾರಿಗೆ ಅವರೂ ಜೊತೆಗಾರರೂ ಸೇರಿ ಮಾಡಿದ ಯಂತ್ರ ಪಾಸಮ್. ಕೊಳವೆಯೊಳಗೆ ಉಸಿರು ಊದಿದರೆ ಒಂದು ಸಂಕೇತ, ಎಳೆದರೆ ಇನ್ನೊಂದು. ಅಷ್ಟರಿಂದಲೇ ಟೈಪ್‌ರೈಟರ್ ಓಡುತ್ತಿತ್ತು. ಲ್ಯಾಟಿನ್‌ನಲ್ಲಿ ಪಾಸಮ್ ಎಂದರೆ ‘ನನಗೆ ಸಾಧ್ಯ’.

ಕರೆಯುವುದಾಯಿತು, ಬರೆಯುವುದಾಯಿತು. ಆಟದ ಸರದಿ ಬಂದದ್ದು ತಡವಾಗಿ. ನಿಂಟೆಂಡೋ ಕಂಪನಿ 1989ರಲ್ಲಿ ಎದೆಗೆ ಕಟ್ಟಿಕೊಳ್ಳುವ ಕಂಟ್ರೋಲರ್ ತಂದಿತು. ಗದ್ದದಿಂದ ಕಡ್ಡಿ ಸರಿಸಬೇಕು, ಗುಂಡಿಗಳ ಬದಲು ಮತ್ತದೇ ಊದು, ಎಳೆ. ಆಟ ಕೊನೆಗೆ ಬಂದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಆಸ್ಪತ್ರೆಯವರ ಲೆಕ್ಕದಲ್ಲಿ ಆಟ ಯಾವತ್ತೂ ಊಟ, ಔಷಧಿ ಆದಮೇಲಿನದು. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಲೆಕ್ಕ ಬೇರೆ. ಬೇರೆ ಮಕ್ಕಳು ಚಮಚ ಕೆಳಗೆ ಬೀಳಿಸಿ ಬೀಳಿಸಿ ‘ನಾನು ಮಾಡಿದ್ದರಿಂದ ಇದಾಯಿತು’ ಎಂದು ಕಲಿಯುತ್ತವೆ. ಚಮಚ ಹಿಡಿಯಲಾಗದ ಮಗುವಿಗೆ ಅದನ್ನು ಕಲಿಸುವುದು ಸ್ವಿಚ್ಚು.

ಇಡೀ ಚರಿತ್ರೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಯಾವ ಕಂಪನಿಯ ಯಂತ್ರವೂ ಅಲ್ಲ, ಹಳೇ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಇಯರ್‌ಫೋನ್ ಚುಚ್ಚುತ್ತಿದ್ದೆವಲ್ಲ, ಆ 3.5 ಮಿಲಿಮೀಟರ್ ತೂತು. ಸ್ವಿಚ್ ಮಾಡುವವರೆಲ್ಲ ಅದನ್ನೇ ಬಳಸಿದರು. ಹಾಗಾಗಿ ಒಬ್ಬರ ಸ್ವಿಚ್ ಇನ್ನೊಬ್ಬರ ಆಟಿಕೆಗೆ ಕೂರುತ್ತದೆ. ಮೈಕ್ರೋಸಾಫ್ಟ್ 2018ರಲ್ಲಿ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ನ ಬೆನ್ನಿನಲ್ಲೂ ಅಂಥವು 19 ಇವೆ.

ಸ್ವಿಚ್ ಎಂದರೆ ಎರಡು ಲೋಹ ಮುಟ್ಟುವುದು, ಅಷ್ಟೇ. ಎರಡು ರಟ್ಟಿಗೆ ಅಡುಗೆಮನೆಯ ಫಾಯಿಲ್ ಅಂಟಿಸಿ ಎದುರುಬದುರು ಇಡಿ. ನಡುವೆ ತೂತು ಕೊರೆದ ಸ್ಪಂಜು. ಒತ್ತಿದಾಗ ತೂತಿನಲ್ಲಿ ಫಾಯಿಲ್‌ಗಳು ಮುಟ್ಟುತ್ತವೆ. 2016ರಲ್ಲಿ ಇಲ್ಲಿನ ಶಾಲಾಮಕ್ಕಳಿಗೆ ಉಚಿತವಾಗಿ ಹಂಚಿದ ಮೈಕ್ರೋಬಿಟ್ ಬೋರ್ಡಿಗೆ ಎರಡು ತಂತಿ ಕ್ಲಿಪ್ ಮಾಡಿದರೆ ಆಟ ತಯಾರು: ಅದರ 25 ಕೆಂಪು ದೀಪಗಳಲ್ಲಿ ಒಂದು ಚುಕ್ಕಿ ಸರಿಯುತ್ತ ಹೋಗಲಿ, ನಡುವೆ ಬಂದಾಗ ಒತ್ತಬೇಕು.

ಪ್ರೋಗ್ರಾಂ ಬರೆಯುವವರಿಗೆ ಎರಡು ಮಾತು. ಕೈ ನಡುಗುವ ಮಗು ಒಮ್ಮೆ ಒತ್ತಿದ್ದು ನಾಲ್ಕು ಸಲ ಒತ್ತಿದಂತೆ ದಾಖಲಾಗುತ್ತದೆ. ಮೊದಲನೆಯದರ ನಂತರ ಸ್ವಲ್ಪ ಹೊತ್ತು ಬಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಚುಕ್ಕಿಯ ವೇಗವನ್ನು ಮಗುವಿಗೆ ತಕ್ಕಂತೆ ಇಳಿಸಲು ಬರುವಂತಿರಲಿ. ಇನ್ನು ಪಕ್ಕದಲ್ಲಿ ಕೂತವರಿಗೆ: ದಯವಿಟ್ಟು ಮಗುವಿನ ಕೈ ಹಿಡಿದು ಒತ್ತಿಸಬೇಡಿ. ಕಾಯಿರಿ. ಹತ್ತು ಸೆಕೆಂಡ್ ಹಿಡಿಯಲಿ, ಇಪ್ಪತ್ತು ಹಿಡಿಯಲಿ. ಕೈ ಬರದಿದ್ದರೆ ಸ್ವಿಚ್ಚನ್ನು ಮೊಣಕಾಲಿನ ಹತ್ತಿರ ಇಟ್ಟು ನೋಡಿ, ಇಲ್ಲವೇ ಕೆನ್ನೆಯ ಪಕ್ಕ.

ಮುಂದಿನ ಕಂತಿನಲ್ಲಿ ಕಬ್ಬಿಣದ ಶ್ವಾಸಕೋಶ.